ನ್ಯೂಟ್ರಲ್ ಬಿಟ್ಟುಹೋದ ಮನೆ: ಒಂದು ಡಿಬಿ ಬಾಕ್ಸಿನ ಪ್ರಕರಣ ಅಧ್ಯಯನ

ಬೆಳಗಿನ ಆರೂವರೆ ಗಂಟೆ. ಮಹಡಿಯಲ್ಲಿ ಗೀಸರ್ ಹಾಕಿ ಅರ್ಧ ನಿಮಿಷವಾಗಿರಬೇಕು, ಕೆಳಗಿನ ಹಾಲ್‌ನ ಎಲ್‌ಇಡಿ ಬಲ್ಬುಗಳು ಕಣ್ಣು ಕುಕ್ಕುವಷ್ಟು ಬೆಳಗಿ ಒಂದರ ಹಿಂದೊಂದು ಆರಿಹೋದವು. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಹೊಗೆಯಾಡಿತು. ಫ್ರಿಜ್ಜಿನ ಸ್ಟೆಬಿಲೈಸರ್‌ನಿಂದ ಸುಟ್ಟ ವಾಸನೆ ಬಂತು. ಅದೇ ಹೊತ್ತಿಗೆ ಮಹಡಿಯಲ್ಲಿ ಗೀಸರಿನ ಕೆಂಪು ದೀಪ ಮಿಣುಕುತ್ತಿತ್ತು. ಬಚ್ಚಲಿನ ನಲ್ಲಿಗೆ ಕೈ ಹಾಕಿದವರಿಗೆ ಮೊಣಕೈವರೆಗೆ ಜುಮ್ಮೆಂದಿತು.

ಮನೆಯವರು "ವೋಲ್ಟೇಜ್ ಜಾಸ್ತಿ ಬಂದುಬಿಟ್ಟಿದೆ" ಎಂದು 1912ಕ್ಕೆ ದೂರು ಕೊಟ್ಟರು. ಲೈನ್‌ಮನ್ ಬಂದು ಮೀಟರ್ ಬಳಿ ಅಳೆದಾಗ ಮೂರೂ ಫೇಸ್ 230 ವೋಲ್ಟಿನ ಆಸುಪಾಸಿನಲ್ಲೇ ಇದ್ದವು. ತೊಂದರೆ ಮೀಟರಿನಿಂದ ಈಚೆಗೆ, ಮನೆಯೊಳಗೇ ಇದೆ ಎಂಬುದು ಆ ಒಂದು ಅಳತೆಯಿಂದಲೇ ಗೊತ್ತಾಯಿತು.

ಮನೆ ಇರುವುದು ಜಿಲ್ಲಾ ಕೇಂದ್ರವೊಂದರ ಬಡಾವಣೆಯಲ್ಲಿ, 30×40 ಸೈಟಿನಲ್ಲಿ. ಕೆಳಗೆ ತಂದೆ ತಾಯಿ, ಮೇಲೆ ಮಗ ಸೊಸೆ. ಎರಡೂ ಮನೆಗೆ ಒಂದೇ ಆರ್‌ಆರ್ ನಂಬರ್, ಮೂರು ಫೇಸ್ ಸಂಪರ್ಕ, ಮಂಜೂರಾದ ಲೋಡ್ 5 ಕಿಲೋವ್ಯಾಟ್. ಕೆಳಗಿನ ವೈರಿಂಗಿಗೆ 16 ವರ್ಷ, ಮಹಡಿಯದಕ್ಕೆ 9 ವರ್ಷ. ಮೆಟ್ಟಿಲ ಕೆಳಗಿನ ಒಂದೇ ಡಿಬಿಯಿಂದ, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆಯಿಂದ, ಎರಡೂ ಅಂತಸ್ತಿಗೆ ಕರೆಂಟ್ ಹೋಗುತ್ತದೆ. ಇಂಥ ಮನೆ ನಮ್ಮ ಯಾವ ಊರಿನಲ್ಲಾದರೂ ಸಿಗುತ್ತದೆ, ಇಲ್ಲಿನ ಪ್ರತಿಯೊಂದು ತಪ್ಪೂ ಹಾಗೆಯೇ. ಅದಕ್ಕೇ ಇದನ್ನು ಬಿಡಿಸಿ ಬರೆಯಬೇಕಾಯಿತು.

ಲಕ್ಷಣ ಏನು ಹೇಳುತ್ತಿತ್ತು

ಒಂದು ಕಡೆ ದೀಪ ಮಂಕು, ಅದೇ ಕ್ಷಣಕ್ಕೆ ಇನ್ನೊಂದು ಕಡೆ ದೀಪ ಅತಿ ಪ್ರಖರ. ಮೂರು ಫೇಸ್ ಇರುವ ಮನೆಯಲ್ಲಿ ಇವೆರಡು ಒಟ್ಟಿಗೆ ಕಂಡರೆ ಮೊದಲು ಶಂಕಿಸಬೇಕಾದದ್ದು ನ್ಯೂಟ್ರಲನ್ನು, ಅಂದರೆ ಕರೆಂಟ್ ವಾಪಸು ಹೋಗುವ ವೈರನ್ನು. ಫೇಸ್ ತಪ್ಪಿದರೆ ಆ ಫೇಸಿನ ದೀಪ ಆರುತ್ತದೆ, ಮಿಕ್ಕವು ಎಂದಿನಂತೆ ಉರಿಯುತ್ತವೆ. ಊರಿನ ವೋಲ್ಟೇಜೇ ಏರಿದ್ದರೆ ಮೀಟರಿನಲ್ಲೂ ಕಾಣುತ್ತದೆ. ಒಂದೇ ಮನೆಯೊಳಗೆ ಏರುವುದೂ ಇಳಿಯುವುದೂ ಜೊತೆಯಾಗಿ ನಡೆದರೆ ನ್ಯೂಟ್ರಲ್ ನೆಲೆ ತಪ್ಪಿದೆ ಎಂದೇ ಅರ್ಥ.

ಕಾರಣ ಸರಳ. ಪ್ರತಿ ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್, ಆದರೆ ಎರಡು ಫೇಸುಗಳ ನಡುವೆ 400 ವೋಲ್ಟ್. ಮೂರು ಫೇಸುಗಳನ್ನು ಆರ್, ವೈ, ಬಿ ಎನ್ನುತ್ತಾರೆ. ನ್ಯೂಟ್ರಲ್ ಗಟ್ಟಿಯಾಗಿ ಕೂತಿರುವವರೆಗೆ ಆರ್ ಫೇಸಿನ ಗೀಸರಿಗೂ ವೈ ಫೇಸಿನ ಟಿವಿಗೂ ಸಂಬಂಧವಿಲ್ಲ. ಅದು ಕಡಿದುಹೋದರೆ ಎರಡೂ ಸೇರಿ ಆ 400 ವೋಲ್ಟಿನ ನಡುವೆ ಒಂದೇ ಸರಣಿಯಾಗಿ ನಿಲ್ಲುತ್ತವೆ. 2,000 ವ್ಯಾಟ್ ಗೀಸರಿನ ರೋಧ ಸುಮಾರು 26 ಓಮ್. ಇನ್ನೊಂದು ಫೇಸಿನಲ್ಲಿ ಟಿವಿ, ಬಲ್ಬು ಎಲ್ಲ ಸೇರಿ 200 ವ್ಯಾಟ್ ಇದ್ದರೆ ಅದರ ರೋಧ ಸುಮಾರು 264 ಓಮ್. ಮೂರನೆಯ ಫೇಸಿನಲ್ಲಿ ಏನೂ ಓಡುತ್ತಿಲ್ಲ ಎಂದುಕೊಂಡರೆ ಗೀಸರಿಗೆ 36 ವೋಲ್ಟ್, ಟಿವಿ ಮತ್ತು ಬಲ್ಬುಗಳಿಗೆ 364 ವೋಲ್ಟ್ ಬೀಳುತ್ತದೆ. ಹೆಚ್ಚು ಲೋಡ್ ಇರುವ ಫೇಸ್ ಸೊರಗುತ್ತದೆ, ಕಡಿಮೆ ಲೋಡ್ ಇರುವ ಫೇಸ್ ಸುಡುತ್ತದೆ. ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿ ಇದನ್ನು ತಡೆಯುವುದಿಲ್ಲ. ಅದು ಕಾಯುವುದು ಕರೆಂಟನ್ನು, ವೋಲ್ಟೇಜನ್ನಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಮತ್ತೆ ಗೀಸರ್ ಹಾಕಿ ನೋಡುವುದು ಅಪಾಯ. ಅದರ ಬದಲು ಟಿವಿ, ಫ್ರಿಜ್, ವೈಫೈ, ಚಾರ್ಜರ್ ಎಲ್ಲದರ ಪ್ಲಗ್ ಕಿತ್ತು, ಇನ್ವರ್ಟರ್ ಆಫ್ ಮಾಡಿ, ದೀಪದ ಸ್ವಿಚ್ಚುಗಳನ್ನೆಲ್ಲ ಆರಿಸಿ, ಆರ್ ಫೇಸಿಗೆ 200 ವ್ಯಾಟಿನ ಹಳೇ ತಂತಿ ಬಲ್ಬ್ ಒಂದನ್ನು ಮಾತ್ರ ಹಾಕಲಾಯಿತು. ಮೀಟರ್ ಬಳಿ ಮೂರೂ ಫೇಸ್ 230ರಲ್ಲೇ ನಿಂತಿದ್ದವು. ಡಿಬಿಯಲ್ಲಿ ಆರ್ ಫೇಸ್ 200ಕ್ಕೆ ಇಳಿದಿತ್ತು, ವೈ ಮತ್ತು ಬಿ ಎರಡೂ 246ಕ್ಕೆ ಏರಿದ್ದವು. ಬರೀ 200 ವ್ಯಾಟ್ ಬಲ್ಬಿಗೆ 30 ವೋಲ್ಟ್ ಜಾರಿದೆ ಎಂದಾದರೆ ಮೀಟರಿಗೂ ಡಿಬಿಗೂ ನಡುವೆ ನ್ಯೂಟ್ರಲ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಆದರೂ ಲೆಕ್ಕದಲ್ಲಿ ಒಂದು ಒಗಟು ಉಳಿಯಿತು. ನ್ಯೂಟ್ರಲ್ ಪೂರ್ತಿ ಬಿಟ್ಟಿದ್ದರೆ, ಬೇರೆ ಲೋಡ್ ಏನೂ ಇಲ್ಲದಾಗ, ಬಲ್ಬ್ ಉರಿಯಲೇಬಾರದು. ಅದು ಉರಿಯುತ್ತಿತ್ತು. ಕರೆಂಟ್ ಬೇರೆ ಯಾವುದೋ ದಾರಿಯಲ್ಲಿ ವಾಪಸು ಹೋಗುತ್ತಿತ್ತು. ನಲ್ಲಿಯಲ್ಲಿ ಹೊಡೆದ ಶಾಕಿಗೂ ಅದೇ ದಾರಿ ಕಾರಣವಾಗಿತ್ತು.

ಮುಚ್ಚಳ ತೆಗೆಯುವ ಮೊದಲು

ಡಿಬಿಯ ಮೇನ್ ಕೆಳಗಿಳಿಸಿದರೆ ಡಿಬಿ ಸತ್ತಿತು ಎಂದು ತಿಳಿಯಬಾರದು. ಮೀಟರಿನಿಂದ ಮೇನ್‌ಗೆ ಬರುವ ವೈರುಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಅದರ ಔಟ್‌ಪುಟ್ ಲೈನ್ ಡಿಬಿಗೆ ಬರುತ್ತದೆ. ಮೇನ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ಎಚ್ಚೆತ್ತು 230 ವೋಲ್ಟ್ ಕಳಿಸುತ್ತದೆ. ಈ ಮನೆಯಲ್ಲಿ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಉಪವಿಭಾಗಕ್ಕೆ ಹೇಳಿ ಕಂಬದ ಬಳಿಯೇ ಸಂಪರ್ಕ ತಪ್ಪಿಸಲಾಯಿತು. ಮೀಟರಿನ ಸೀಲ್ ಮುಟ್ಟುವ ಅಧಿಕಾರ ಅವರಿಗೆ ಮಾತ್ರ. ಇನ್ವರ್ಟರ್ ಆಫ್ ಮಾಡಿ, ಬ್ಯಾಟರಿಯ ವೈರನ್ನೂ ಬಿಚ್ಚಿಡಲಾಯಿತು. ಆಮೇಲೆ ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಬೇರೊಂದು ಜಾಗದಲ್ಲಿ ಪರೀಕ್ಷಿಸಿ, ಡಿಬಿಯ ಪ್ರತಿ ಟರ್ಮಿನಲ್ ಅಳೆದು, ಮತ್ತೆ ಅದೇ ಜಾಗದಲ್ಲಿ ಪರೀಕ್ಷಿಸಲಾಯಿತು. ನಿಯಾನ್ ಟೆಸ್ಟರ್ ಉರಿಯಲಿಲ್ಲ ಎಂಬುದು ಪುರಾವೆಯಲ್ಲ. ಮೇಲಾಗಿ, ಬಿಟ್ಟುಹೋದ ನ್ಯೂಟ್ರಲ್ ಮೇಲೂ ಟೆಸ್ಟರ್ ಉರಿಯುತ್ತದೆ, ಅದನ್ನು ನೋಡಿ ಫೇಸ್ ಎಂದು ಮೋಸಹೋಗುವುದು ಸುಲಭ.

ಈ ಕೆಲಸ ಪರವಾನಗಿ ಇರುವ ಗುತ್ತಿಗೆದಾರರದ್ದು. ಏನು ಕೇಳಬೇಕು, ಏನು ನೋಡಬೇಕು ಎಂಬುದು ಮನೆಯವರಿಗೂ ಗೊತ್ತಿದ್ದರೆ ಕೆಲಸ ಸರಿಯಾಗಿ ಆಗುತ್ತದೆ.

ಒಳಗೆ ಕಂಡದ್ದು

ಮುಚ್ಚಳ ತೆಗೆದ ಕೂಡಲೇ ಕೊಳೆತ ಮೀನಿನಂಥ ವಾಸನೆ ಬಂತು. ಸ್ವಿಚ್ಚು, ಲಿಂಕುಗಳ ಪ್ಲಾಸ್ಟಿಕ್ ಕಾದು ಕಾದು ಬೇಯುವಾಗ ಬರುವ ವಾಸನೆ ಇದು. ಮನೆಯವರು ಅದನ್ನು ತಿಂಗಳುಗಳಿಂದ ಮೆಟ್ಟಿಲ ಕೆಳಗೆ ಇಲಿ ಸತ್ತಿದೆ ಎಂದುಕೊಂಡಿದ್ದರು.

ಮನೆಯ ನ್ಯೂಟ್ರಲುಗಳೆಲ್ಲ ಬಂದು ಸೇರುವ ಪಟ್ಟಿ ನ್ಯೂಟ್ರಲ್ ಲಿಂಕ್. ಅದರ ಎಡತುದಿಯ ಸ್ಕ್ರೂ ಕೆಳಗೆ ಎರಡು ವೈರುಗಳಿದ್ದವು. ಒಂದು, ಮೀಟರಿನಿಂದ ಬಂದ 10 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ. ಇನ್ನೊಂದು, ಮಹಡಿ ಕಟ್ಟಿದಾಗ ಸೇರಿಸಿದ 4 ಸ್ಕ್ವೇರ್ ಎಂಎಂ ತಾಮ್ರದ ಫ್ಲೆಕ್ಸಿಬಲ್ ವೈರು. ಎರಡನ್ನೂ ಹೆಣೆದು ಒಂದೇ ತೂತಿಗೆ ತುರುಕಲಾಗಿತ್ತು. ತೂತಿಗೆ ಹಿಡಿಯಲಿ ಎಂದು ಅಲ್ಯೂಮಿನಿಯಂನ ಏಳು ಎಳೆಗಳಲ್ಲಿ ಮೂರನ್ನು ಕತ್ತರಿಸಿ ಹಾಕಿದ್ದರು. ಉಳಿದ ಎಳೆಗಳ ಸುತ್ತ ಬಿಳಿ ಪುಡಿ ಕಟ್ಟಿತ್ತು. ಲಿಂಕಿನ ಕಪ್ಪು ಬೇಕಲೈಟ್ ಬುಡ ಬೂದು ಬಣ್ಣಕ್ಕೆ ತಿರುಗಿ ಬಿರಿದಿತ್ತು. ವೈರಿನ ಇನ್ಸುಲೇಷನ್ ಎರಡು ಸೆಂಟಿಮೀಟರ್ ಹಿಂದೆ ಸರಿದು, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಸ್ಕ್ರೂ ಬೆರಳಲ್ಲೇ ತಿರುಗಿತು.

ಅಲ್ಯೂಮಿನಿಯಂ ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಹರಿದು ತೆಳುವಾಗುತ್ತದೆ, ಹೀಗಾಗಿ ವರ್ಷ ಕಳೆದಂತೆ ಬಿಗಿ ಸಡಿಲವಾಗುತ್ತದೆ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಕರೆಂಟ್ ಹರಿಸದ ಆಕ್ಸೈಡ್ ಪೊರೆ ಕಟ್ಟುತ್ತದೆ. ತಾಮ್ರದ ಜೊತೆ ನೇರವಾಗಿ ಸೇರಿಸಿದರೆ, ಮೆಟ್ಟಿಲ ಕೆಳಗಿನ ತೇವಕ್ಕೆ, ಕೊರೆತ ಇನ್ನೂ ಬೇಗ ಆಗುತ್ತದೆ. ಒಂದು ಸಲ ಜಾಯಿಂಟಿನ ರೋಧ 0.1 ಓಮ್ ಆಯಿತೆಂದರೆ 13 ಆಂಪ್ ಕರೆಂಟಿಗೆ ಆ ಬಿಂದುವಿನಲ್ಲಿ ಸುಮಾರು 17 ವ್ಯಾಟ್ ಶಾಖ ಹುಟ್ಟುತ್ತದೆ. ಕಡಲೆ ಕಾಳಿನಷ್ಟು ಜಾಗದಲ್ಲಿ 17 ವ್ಯಾಟ್ ಎಂದರೆ ಸಣ್ಣ ಸೋಲ್ಡರಿಂಗ್ ಐರನ್ ಇದ್ದಂತೆ. ಶಾಖಕ್ಕೆ ಜಾಯಿಂಟ್ ಇನ್ನಷ್ಟು ಸಡಿಲವಾಗುತ್ತದೆ, ಸಡಿಲವಾದಷ್ಟೂ ಶಾಖ ಹೆಚ್ಚುತ್ತದೆ. ಕರೆಂಟ್ ಮಾಮೂಲಿ 13 ಆಂಪ್ ಇರುವುದರಿಂದ ಯಾವ ಎಂಸಿಬಿಗೂ ಇದು ತಿಳಿಯುವುದಿಲ್ಲ.

ಕರೆಂಟ್ ವಾಪಸು ಹೋಗುತ್ತಿದ್ದ ಇನ್ನೊಂದು ದಾರಿ ಅಲ್ಲೇ ಪಕ್ಕದಲ್ಲಿತ್ತು. ನ್ಯೂಟ್ರಲ್ ಲಿಂಕಿನಿಂದ ಅರ್ತ್ ಬಾರ್‌ಗೆ (ಅರ್ತ್ ವೈರುಗಳೆಲ್ಲ ಸೇರುವ ಪಟ್ಟಿಗೆ) ಬೆರಳುದ್ದದ ಕೆಂಪು ವೈರಿನ ತುಂಡೊಂದನ್ನು ಹಾಕಿದ್ದರು. ಹಿಂದೆ ಯಾವಾಗಲೋ ನ್ಯೂಟ್ರಲ್ ಸಡಿಲವಾಗಿ ದೀಪ ಪಟಪಟ ಎಂದಾಗ ಅದನ್ನು ನಿಲ್ಲಿಸಲು ಹೀಗೆ ಮಾಡಿದ್ದಿರಬೇಕು. ದೀಪ ಪಟಪಟಿಸುವುದು ನಿಂತಿತು. ಆದರೆ ಅಂದಿನಿಂದ ಮನೆಯ ನ್ಯೂಟ್ರಲ್ ಕರೆಂಟ್ ಭೂಮಿಗೆ ಇಳಿಯತೊಡಗಿತು. ಅರ್ತ್ ವೈರ್ ಬಿಡಿಸಿ ಅರ್ತ್ ಟೆಸ್ಟರ್‌ನಲ್ಲಿ ಅಳೆದಾಗ ಅರ್ತ್ ಗುಂಡಿಯ ರೋಧ 40 ಓಮ್ ಬಂತು. 26 ಓಮಿನ ಗೀಸರ್, ಅದರ ಬೆನ್ನಿಗೆ 40 ಓಮಿನ ಮಣ್ಣು. 230 ವೋಲ್ಟಿನಲ್ಲಿ 138 ವೋಲ್ಟ್ ಮಣ್ಣಿನ ಪಾಲಿಗೆ ಬೀಳುತ್ತದೆ. ಅಂದರೆ ಅರ್ತ್ ಬಾರ್‌ಗೆ ಸೇರಿದ ಗೀಸರ್ ಟ್ಯಾಂಕ್, ವಾಷಿಂಗ್ ಮೆಷಿನ್, ಫ್ರಿಜ್ಜಿನ ಬಾಗಿಲು, ಕಬ್ಬಿಣದ ಸ್ವಿಚ್ ಬಾಕ್ಸ್ ಎಲ್ಲದರ ಮೈಯೂ 138 ವೋಲ್ಟ್. ಉಳಿದೆರಡು ಫೇಸುಗಳಿಗೆ 320 ವೋಲ್ಟ್ ಆಸುಪಾಸು. ಒದ್ದೆ ನೆಲದ ಮೇಲೆ ನಿಂತು ನಲ್ಲಿ ಮುಟ್ಟಿದವರು ಉಳಿದದ್ದು ಅದೃಷ್ಟ. ಮನೆಯೊಳಗೆ ನ್ಯೂಟ್ರಲನ್ನೂ ಅರ್ತನ್ನೂ ಯಾವ ಕಾರಣಕ್ಕೂ ಸೇರಿಸಬಾರದು. ನ್ಯೂಟ್ರಲಿಗೆ ಅರ್ತಿಂಗ್ ಮಾಡುವ ಜಾಗ ಟ್ರಾನ್ಸ್‌ಫಾರ್ಮರ್, ಅದು ಎಸ್ಕಾಂ ಕೆಲಸ.

ಇದನ್ನು ಹಿಡಿದು ಸದ್ದು ಮಾಡಬೇಕಾಗಿದ್ದ ಸಾಧನ ಡಿಬಿಯಲ್ಲೇ ಇತ್ತು: ನಾಲ್ಕು ಪೋಲಿನ 30 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್. ಲಿವರ್ ಮೇಲಕ್ಕೇ ಇತ್ತು, ಹೊರಗಿನಿಂದ ನೋಡಿದರೆ ಎಲ್ಲ ಸರಿ. ಒಳಗೆ ಮೂರು ಫೇಸುಗಳಿಗೂ ಮೇಲಿನ ಟರ್ಮಿನಲಿನಿಂದ ಕೆಳಗಿನದಕ್ಕೆ ವೈರ್ ಸುತ್ತಿ ದಾಟಿಸಿದ್ದರು, ನ್ಯೂಟ್ರಲ್ ಅದರೊಳಗೆ ಹೋಗದೆ ನೇರ ಲಿಂಕಿಗೆ ಬಂದಿತ್ತು. ಇಂಥ ಕಡೆ ಟೆಸ್ಟ್ ಬಟನ್ ಒತ್ತಿದರೆ ಲಿವರ್ ಬಿದ್ದರೂ ಮನೆಯ ಕರೆಂಟ್ ಹೋಗುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತುವವರು ಲಿವರನ್ನಷ್ಟೇ ನೋಡಬಾರದು, ದೀಪ ಆರಿತೇ ಎಂದು ನೋಡಬೇಕು.

ಮಹಡಿಯ ಅಡುಗೆಮನೆಗೂ ಗೀಸರಿಗೂ ಸೇರಿ 2.5 ಸ್ಕ್ವೇರ್ ಎಂಎಂ ವೈರಿನ ಒಂದೇ ಸರ್ಕ್ಯೂಟ್ ಇತ್ತು, ಅದರ ಮೇಲೆ 32 ಆಂಪ್ ಎಂಸಿಬಿ. ಮೊದಲು 16 ಇದ್ದದ್ದು ಪದೇಪದೇ ಟ್ರಿಪ್ ಆಗುತ್ತಿದ್ದ ಕಾರಣ ಬದಲಾಯಿಸಿದ್ದಂತೆ. ಅದು ಟ್ರಿಪ್ ಆಗುತ್ತಿದ್ದದ್ದು ಸರಿಯಾಗಿಯೇ ಇತ್ತು: ಗೀಸರ್ 2 ಕಿಲೋವ್ಯಾಟ್, ಇಂಡಕ್ಷನ್ ಒಲೆ 2, ಮೈಕ್ರೊವೇವ್ 1.2, ಒಟ್ಟು 5.2 ಕಿಲೋವ್ಯಾಟ್, ಹತ್ತಿರಹತ್ತಿರ 23 ಆಂಪ್. ಬಿಸಿಲಿಗೆ ಕಾದ ತಾರಸಿಯೊಳಗಿನ ಪೈಪಿನಲ್ಲಿ, ಬೇರೆ ವೈರುಗಳ ಜೊತೆ ಮಲಗಿರುವ 2.5ರ ವೈರಿಗೆ 20 ಆಂಪ್ ಕೂಡ ಭಾರವೇ. 32ರ ಎಂಸಿಬಿಯಂತೂ ತನ್ನ ರೇಟಿಂಗಿನ 1.13 ಪಟ್ಟಿಗೆ, ಅಂದರೆ 36 ಆಂಪಿಗೆ, ಒಂದು ಗಂಟೆಯಾದರೂ ಟ್ರಿಪ್ ಆಗಬಾರದು ಎಂದೇ ಮಾನಕ ಹೇಳುತ್ತದೆ; 1.45 ಪಟ್ಟು, ಅಂದರೆ 46 ಆಂಪ್ ಹರಿದರೂ ಕಡಿಯಲು ಅದಕ್ಕೆ ಒಂದು ಗಂಟೆಯ ಅವಕಾಶವಿದೆ. ಎಂಸಿಬಿ ಕಾಪಾಡುವುದು ಉಪಕರಣವನ್ನಲ್ಲ, ಗೋಡೆಯೊಳಗಿನ ವೈರನ್ನು. ಅದರ ರೇಟಿಂಗನ್ನು ವೈರು ನೋಡಿ ಆರಿಸಬೇಕು, ಲೋಡ್ ನೋಡಿ ಅಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಮಹಡಿಯಲ್ಲಿ ಫೇಸಿಗೂ ನ್ಯೂಟ್ರಲಿಗೂ ಕೆಂಪು ವೈರನ್ನೇ ಎಳೆದಿದ್ದರು. ಮೆಟ್ಟಿಲ ದೀಪದ ಟೂ ವೇ ಸ್ವಿಚ್ಚುಗಳ ನಡುವೆ ಹಸಿರು ವೈರಿನಲ್ಲಿ ಫೇಸ್ ಓಡುತ್ತಿತ್ತು. ಎಂಸಿಬಿಗಳ ಸಾಲಿಗೆ ಕರೆಂಟ್ ಹಂಚುವ ಬಾಚಣಿಗೆ ಬಸ್‌ಬಾರ್ ತೆಗೆದು ಎಂಸಿಬಿಯಿಂದ ಎಂಸಿಬಿಗೆ 1.5ರ ವೈರ್ ತುಂಡುಗಳನ್ನು ಲೂಪ್ ಮಾಡಿದ್ದರು. ಹೀಗಾದರೆ ಇಡೀ ಸಾಲಿನ ಲೋಡ್ ಮೊದಲ ತುಂಡಿನ ಮೇಲೆ ಬೀಳುತ್ತದೆ. ಎರಡು ಕಡೆ ಸ್ಕ್ರೂ ತಾಮ್ರದ ಬದಲು ಇನ್ಸುಲೇಷನ್ನನ್ನು ಕಚ್ಚಿತ್ತು. ಮೀಟರ್ ಬೋರ್ಡಿನಲ್ಲಿ ಮನೆಯ ಕಡೆಯ ನ್ಯೂಟ್ರಲಿಗೂ ಒಂದು ಕಿಟ್‌ಕ್ಯಾಟ್ ಫ್ಯೂಸ್ ಇತ್ತು. ನ್ಯೂಟ್ರಲಿಗೆ ಫ್ಯೂಸ್ ಹಾಕಿದರೆ ಅದು ಹೋದ ದಿನ ಇದೇ ಅನಾಹುತ ಮತ್ತೆ ನಡೆಯುತ್ತದೆ.

ಆರ್‌ಸಿಸಿಬಿಯನ್ನು ಯಾಕೆ ದಾಟಿಸಿದ್ದರು

ಇದಕ್ಕೆ ಉತ್ತರ ಸಿಗದಿದ್ದರೆ ಹೊಸ ಆರ್‌ಸಿಸಿಬಿಯನ್ನೂ ಯಾರೋ ಒಬ್ಬರು ಮತ್ತೆ ದಾಟಿಸಿಯೇ ಬಿಡುತ್ತಾರೆ. ಹೊಸ ಡಿಬಿ ತರುವ ಮೊದಲು ಪೂರ್ತಿ ಒಂದು ದಿನ ಇದಕ್ಕೇ ಮೀಸಲಾಯಿತು.

ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ: ಹೋದ ಕರೆಂಟ್ ಎಲ್ಲವೂ ತನ್ನ ಮೂಲಕವೇ ವಾಪಸು ಬಂತೇ ಎಂದು ನೋಡುವುದು. ಲೆಕ್ಕ ತಪ್ಪುವುದಕ್ಕೆ ಎರಡು ಕಾರಣ. ಒಂದು, ನಿಜವಾದ ಸೋರಿಕೆ. ಎರಡು, ಆರ್‌ಸಿಸಿಬಿಯ ಮೂಲಕ ಹೋದ ಕರೆಂಟ್ ಅದರೊಳಗೆ ಹಾಯದ ಬೇರೊಂದು ನ್ಯೂಟ್ರಲಿನಿಂದ ವಾಪಸು ಬರುವುದು. ಈ ಮನೆಯಲ್ಲಿ ಸೋರಿಕೆಯೂ ಇತ್ತು, ಬೆರೆತ ನ್ಯೂಟ್ರಲೂ ಇತ್ತು.

ಸೋರಿಕೆ ಹುಡುಕಲು 500 ವೋಲ್ಟ್ ಡಿಸಿ ಮೆಗ್ಗರ್ (ಇನ್ಸುಲೇಷನ್ನಿನ ರೋಧ ಅಳೆಯುವ ಮೀಟರ್) ಬಳಸಲಾಯಿತು. ಅದಕ್ಕೂ ಮೊದಲು ಎಲ್‌ಇಡಿ ಬಲ್ಬ್, ಫ್ಯಾನ್ ರೆಗ್ಯುಲೇಟರ್, ಇನ್ವರ್ಟರ್ ಎಲ್ಲವನ್ನೂ ಬಿಡಿಸಬೇಕು, ಇಲ್ಲವಾದರೆ ಅವುಗಳ ಒಳಗಿನ ಎಲೆಕ್ಟ್ರಾನಿಕ್ಸ್ ಹಾಳಾಗುತ್ತದೆ. ಪ್ರತಿ ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ಒಟ್ಟು ಹಿಡಿದು ಅರ್ತ್‌ಗೆ ಅಳೆದಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಒಳ್ಳೆಯ ವೈರಿಂಗಿನಲ್ಲಿ ಹತ್ತಾರು ಮೆಗಾಓಮ್ ಬರುತ್ತದೆ. ಮಹಡಿಯ ಗೀಸರ್ ಸರ್ಕ್ಯೂಟ್ 0.02 ತೋರಿಸಿತು, ಗೀಸರ್ ಬಿಡಿಸಿದಾಗ 60ಕ್ಕೆ ಏರಿತು. ವೈರ್ ಚೆನ್ನಾಗಿದೆ, ಗೀಸರಿನ ಎಲಿಮೆಂಟ್ ಸೋರುತ್ತಿದೆ. 0.02 ಮೆಗಾಓಮ್ ಎಂದರೆ 230 ವೋಲ್ಟಿಗೆ 11 ಮಿಲಿಆಂಪಿಗೂ ಹೆಚ್ಚು. 30 ಮಿಲಿಆಂಪಿನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಗೀಸರಿನ 11ಕ್ಕೆ ಬೇರೆ ಉಪಕರಣಗಳ ಒಂದೊಂದು ಮಿಲಿಆಂಪ್ ಸೇರಿದರೆ ಸಾಕು, ಕೆಲವು ದಿನ ಟ್ರಿಪ್ ಆಗುತ್ತದೆ, ಕೆಲವು ದಿನ ಆಗುವುದಿಲ್ಲ. "ಆರ್‌ಸಿಸಿಬಿನೇ ಸರಿಯಿಲ್ಲ" ಎಂಬ ಮಾತು ಹುಟ್ಟುವುದೇ ಇಲ್ಲಿ. ಗೇಟಿನ ದೀಪದ ಸರ್ಕ್ಯೂಟ್ 0.3 ತೋರಿಸಿತು. ಅದರ ಜಂಕ್ಷನ್ ಬಾಕ್ಸಿನಲ್ಲಿ ಮಳೆ ನೀರು ನಿಂತಿತ್ತು.

ಬೆರೆತ ನ್ಯೂಟ್ರಲ್ ಪತ್ತೆಗೆ ಲಿಂಕಿನಿಂದ ಎಲ್ಲ ನ್ಯೂಟ್ರಲುಗಳನ್ನೂ ಬಿಚ್ಚಿ, ಒಂದೊಂದಕ್ಕೂ ನಂಬರ್ ಚೀಟಿ ಕಟ್ಟಿ, ಯಾವ ಎರಡರ ನಡುವೆ ಮಲ್ಟಿಮೀಟರ್ ಬೀಪ್ ಎನ್ನುತ್ತದೆ ಎಂದು ನೋಡಲಾಯಿತು. 13 ನ್ಯೂಟ್ರಲುಗಳಲ್ಲಿ 4 ಮತ್ತು 9 ಒಂದಾಗಿದ್ದವು. ಕಾರಣ ಮತ್ತೆ ಮೆಟ್ಟಿಲ ದೀಪ: ಫೇಸ್ ಕೆಳಗಿನ ಹಾಲ್‌ನಿಂದ, ನ್ಯೂಟ್ರಲ್ ಮಹಡಿಯ ಲ್ಯಾಂಡಿಂಗ್ ಬೋರ್ಡಿನಿಂದ, ಆ ಬೋರ್ಡಿನಲ್ಲೇ ಎರಡೂ ನ್ಯೂಟ್ರಲುಗಳನ್ನು ಹೆಣೆದಿದ್ದರು. ಮಹಡಿ ಸೇರಿಸಿ, ಒಂದಕ್ಕಿಂತ ಹೆಚ್ಚು ಆರ್‌ಸಿಸಿಬಿ ಹಾಕಿದ ಮನೆಗಳಲ್ಲಿ ಅದು ಟ್ರಿಪ್ ಆಗುತ್ತದೆ ಎಂದರೆ ಮೊದಲು ಮೆಟ್ಟಿಲ ದೀಪವನ್ನು ನೋಡುವುದು ಒಳ್ಳೆಯದು. ಒಂದು ವೈರ್ ಉಳಿಸುವ ಆಸೆಗೆ ಈ ತಪ್ಪು ಎಲ್ಲ ಕಡೆ ಆಗುತ್ತದೆ.

ಮೇಲಿನ ನಾಲ್ಕೈದು ದೋಷಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದೇ ಎಳೆ ಕಾಣುತ್ತದೆ. ಗೀಸರ್ ಸೋರಿ ಆರ್‌ಸಿಸಿಬಿ ಬಿತ್ತು, ಅದನ್ನು ದಾಟಿಸಿದರು. ನ್ಯೂಟ್ರಲ್ ಸಡಿಲವಾಗಿ ದೀಪ ಪಟಪಟಿಸಿತು, ಅರ್ತ್‌ಗೆ ಕಟ್ಟಿದರು. ಆರ್‌ಸಿಸಿಬಿ ಇದ್ದಿದ್ದರೆ ಆ ಕ್ಷಣವೇ ಬಿದ್ದು ತಡೆಯುತ್ತಿತ್ತು. ಲೋಡ್ ಹೆಚ್ಚಾಗಿ ಎಂಸಿಬಿ ಬಿತ್ತು, ದೊಡ್ಡದು ಹಾಕಿದರು. ಪ್ರತಿ ಸಲವೂ ದೋಷ ಹಾಗೆಯೇ ಉಳಿಯಿತು, ದೋಷವನ್ನು ತಿಳಿಸುತ್ತಿದ್ದ ಸಾಧನದ ಬಾಯಿ ಮಾತ್ರ ಮುಚ್ಚಿತು.

ಕಟ್ಟಿದ್ದು ಹೇಗೆ

ಮೀಟರಿನಿಂದ ಡಿಬಿಗೆ 12 ಮೀಟರ್ ದೂರ. ಹಳೇ ಅಲ್ಯೂಮಿನಿಯಂ ಕೇಬಲ್ ತೆಗೆದು 6 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆಯಲಾಯಿತು: ಕೆಂಪು, ಹಳದಿ, ನೀಲಿ, ಕಪ್ಪು, ಜೊತೆಗೆ ಅರ್ತ್‌ಗೆ ಹಸಿರು, ತಲಾ 15 ಮೀಟರ್. ನ್ಯೂಟ್ರಲ್ ವೈರನ್ನು ಫೇಸಿಗಿಂತ ಸಣ್ಣದು ಹಾಕುವ ಮಾತೇ ಇಲ್ಲ. ಮೀಟರ್ ಬೋರ್ಡಿನ ನ್ಯೂಟ್ರಲ್ ಫ್ಯೂಸ್ ತೆಗೆದು ಗಟ್ಟಿ ಲಿಂಕ್ ಹಾಕಲಾಯಿತು. ಫ್ಲೆಕ್ಸಿಬಲ್ ವೈರಿನ ತುದಿಗೆಲ್ಲ ಪಿನ್ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುದಿ) ಹಾಕಿ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಲಾಯಿತು. ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದ ಲಗ್ ಬೇಗ ಸಡಿಲವಾಗುತ್ತದೆ.

ವೈರಿನ ಮೇಲೆ ಐಎಸ್ 694 ಮತ್ತು ಐಎಸ್‌ಐ ಗುರುತು ಇದ್ದರೂ ಒಂದು ಪರೀಕ್ಷೆ ಮಾಡುವುದು ಲೇಸು. 90 ಮೀಟರಿನ ಹೊಸ ಸುರುಳಿಯ ಎರಡು ತುದಿಗಳ ನಡುವೆ ರೋಧ ಅಳೆದರೆ 1.5ರ ವೈರಿಗೆ 1.2 ಓಮ್, 2.5ಕ್ಕೆ 0.72 ಓಮ್ ಮೀರಬಾರದು. ಮಲ್ಟಿಮೀಟರ್ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಬೇಕು. ಅಂಕಿ ಹೆಚ್ಚು ಬಂದರೆ ತಾಮ್ರ ಕಡಿಮೆ ಇದೆ, ಇಲ್ಲವೇ ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ಇದೆ. ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ.

ಹೊಸ ಡಿಬಿಯಲ್ಲಿ ಮೊದಲಿಗೆ ನಾಲ್ಕು ಪೋಲಿನ 32 ಆಂಪ್ ಎಂಸಿಬಿ. ಅದಾದ ಮೇಲೆ ಪ್ರತಿ ಫೇಸಿಗೆ ಒಂದು ಓವರ್ ವೋಲ್ಟೇಜ್ ಪ್ರೊಟೆಕ್ಟರ್, 270 ವೋಲ್ಟ್ ದಾಟಿದರೆ ಕಡಿಯುವಂತೆ. ಕಂಬದಲ್ಲೇ ನ್ಯೂಟ್ರಲ್ ಹೋದರೆ ಮನೆಯನ್ನು ಉಳಿಸುವುದು ಇದೊಂದೇ. ಸರ್ಜ್ ಪ್ರೊಟೆಕ್ಟರ್ ಆ ಕೆಲಸ ಮಾಡುವುದಿಲ್ಲ; ಅದು ಸಿಡಿಲಿನಂಥ ಕ್ಷಣಮಾತ್ರದ ಏರಿಕೆಗೆ ಇರುವುದು. ಆಮೇಲೆ ಆರ್‌ಸಿಸಿಬಿ. ನಾಲ್ಕು ಪೋಲಿನದು ಒಂದೇ ಹಾಕಿದರೆ ಖರ್ಚು ಕಡಿಮೆ, ಆದರೆ ಗೇಟಿನ ದೀಪಕ್ಕೆ ನೀರು ಬಿದ್ದ ರಾತ್ರಿ ಇಡೀ ಮನೆ ಕತ್ತಲಾಗುತ್ತದೆ, ಮಾರನೇ ದಿನ ಯಾರಾದರೂ ಅದನ್ನು ದಾಟಿಸುತ್ತಾರೆ. ಹಾಗಾಗಿ ಎರಡು ಪೋಲಿನ 40 ಆಂಪ್, 30 ಮಿಲಿಆಂಪಿನ ಮೂರು ಆರ್‌ಸಿಸಿಬಿಗಳನ್ನು ಫೇಸಿಗೊಂದರಂತೆ ಹಾಕಲಾಯಿತು. ಮೂರಕ್ಕೂ ಬೇರೆ ಬೇರೆ ನ್ಯೂಟ್ರಲ್ ಬಾರ್. ಯಾವ ಆರ್‌ಸಿಸಿಬಿಯಿಂದ ಫೇಸ್ ಹೊರಟಿತೋ ಅದರ ಬಾರ್‌ಗೇ ನ್ಯೂಟ್ರಲ್ ಬರಬೇಕು.

ಹೊರಹೋಗುವ ಎಂಸಿಬಿಗಳು ಒಟ್ಟು 13: 1.5ರ ವೈರಿನ ದೀಪ, ಫ್ಯಾನ್ ಸರ್ಕ್ಯೂಟುಗಳಿಗೆ 10 ಆಂಪಿನವು 5, 2.5ರ ಪವರ್ ಸರ್ಕ್ಯೂಟುಗಳಿಗೆ 16 ಆಂಪಿನವು 6, 4ರ ವೈರಿಗೆ 20 ಆಂಪಿನವು 2. ದೀಪಗಳಿಗೆ ಬೇಗ ಬೀಳುವ ಬಿ ಕರ್ವ್, ಮೋಟರ್ ಮತ್ತು ಎಸಿಗೆ ಶುರುವಾಗುವಾಗಿನ ಹೆಚ್ಚಿನ ಕರೆಂಟ್ ತಾಳುವ ಸಿ ಕರ್ವ್. ಮಹಡಿಯ ಗೀಸರಿಗೆ ಹಳೇ 2.5ರ ವೈರನ್ನೇ ಉಳಿಸಿ 16 ಆಂಪ್ ಹಾಕಲಾಯಿತು. ಅಡುಗೆಮನೆಗೆ 22 ಮೀಟರ್ ಉದ್ದದ 4ರ ವೈರಿನ ಹೊಸ ಸರ್ಕ್ಯೂಟ್ ಎಳೆಯಲಾಯಿತು. ಮಹಡಿಯ ಕೆಂಪು ನ್ಯೂಟ್ರಲುಗಳನ್ನು ಬದಲಾಯಿಸಲು ಗೋಡೆ ಒಡೆಯುವ ಅಗತ್ಯವಿರಲಿಲ್ಲ. ಎರಡೂ ತುದಿಗೆ ಕಪ್ಪು ಸ್ಲೀವ್ ತೊಡಿಸಲಾಯಿತು. ಹಸಿರು ವೈರಿನಲ್ಲಿ ಓಡುತ್ತಿದ್ದ ಫೇಸಿಗೆ ಮಾತ್ರ ಸ್ಲೀವ್ ಸಾಲದು. ಹಸಿರನ್ನು ಅರ್ತ್ ಎಂದು ನಂಬಿ ಮುಟ್ಟುವವರಿರುತ್ತಾರೆ. ಅದನ್ನು ಕಿತ್ತು ಹೊಸದನ್ನೇ ಎಳೆಯಲಾಯಿತು.

ಲೋಡನ್ನೂ ಹಂಚಬೇಕಿತ್ತು. ಮಹಡಿಯ ಗೀಸರ್ ಮತ್ತು ಎಸಿ ಆರ್‌ಗೆ, ಕೆಳಗಿನ ಗೀಸರ್ ಮತ್ತು ಅಡುಗೆಮನೆ ವೈಗೆ, ಮಹಡಿಯ ಅಡುಗೆಮನೆ ಮತ್ತು ಸಂಪಿನ ಮೋಟರ್ ಬಿಗೆ. ಒಂದೇ ಸ್ವಿಚ್ ಬೋರ್ಡಿಗೆ ಎರಡು ಫೇಸ್ ಬಾರದಂತೆ ನೋಡಿಕೊಳ್ಳಲಾಯಿತು. ಬಂದರೆ ಆ ಬೋರ್ಡಿನೊಳಗೆ 400 ವೋಲ್ಟ್ ಇರುತ್ತದೆ, ಮುಂದೆ ಅದನ್ನು ಬಿಚ್ಚುವವರಿಗೆ ಅದರ ಸುಳಿವಿರುವುದಿಲ್ಲ.

ಅರ್ತ್‌ಗೆ ಹೊಸ ಗುಂಡಿ: 40 ಮಿಲಿಮೀಟರ್ ವ್ಯಾಸದ, 2.5 ಮೀಟರ್ ಉದ್ದದ ಜಿಐ ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ, ನೀರು ಹಾಕಲು ಮೇಲೆ ಫನೆಲ್. ಹಳೇ ಗುಂಡಿಯಿಂದ 5 ಮೀಟರ್ ದೂರದಲ್ಲಿ ತೋಡಿ ಎರಡನ್ನೂ ಸೇರಿಸಿದಾಗ ರೋಧ 7 ಓಮ್ ಬಂತು. ಇಷ್ಟಾದ ಮೇಲೆ ಆರ್‌ಸಿಸಿಬಿ ಯಾಕೆ ಎಂಬ ಪ್ರಶ್ನೆ ಮನೆಯವರಿಂದ ಬಂತು, ಅದು ಕೇಳಬೇಕಾದ ಪ್ರಶ್ನೆಯೇ. 7 ಓಮಿಗೆ ಫೇಸ್ ತಾಗಿದರೆ ಹರಿಯುವುದು 33 ಆಂಪ್. 16 ಆಂಪಿನ ಸಿ ಕರ್ವ್ ಎಂಸಿಬಿ ತಕ್ಷಣ ಬೀಳಲು ಕನಿಷ್ಠ 80 ಆಂಪ್ ಬೇಕು. ಹಳೇ 40 ಓಮಿನಲ್ಲಂತೂ ಹರಿಯುತ್ತಿದ್ದದ್ದು 6 ಆಂಪಿಗೂ ಕಡಿಮೆ. ಆ ಎಂಸಿಬಿ ದಿನವಿಡೀ ಬೀಳುತ್ತಿರಲಿಲ್ಲ. ಮಣ್ಣನ್ನು ನಂಬಿ ಎಂಸಿಬಿ ಬೀಳಲಿ ಎಂದು ಕಾಯುವಂತಿಲ್ಲ.

ಕರೆಂಟ್ ಕೊಟ್ಟ ದಿನ

ಮೊದಲ ಸಲ ಆನ್ ಮಾಡಿದಾಗ ಎಲ್ಲ ನಿಂತಿತು. ಹತ್ತು ನಿಮಿಷದ ನಂತರ ಇನ್ವರ್ಟರ್ ಸೇರಿಸಿ ಮಹಡಿಯ ಫ್ಯಾನ್ ಹಾಕಿದ ಕೂಡಲೇ ವೈ ಫೇಸಿನ ಆರ್‌ಸಿಸಿಬಿ ಬಿತ್ತು. ಇನ್ವರ್ಟರಿಗೆ ಕರೆಂಟ್ ಹೋಗುತ್ತಿದ್ದದ್ದು ವೈ ಫೇಸಿನಿಂದ. ಕರೆಂಟ್ ಇರುವಾಗ ಅದೇ ಫೇಸ್ ಇನ್ವರ್ಟರಿನೊಳಗಿಂದ ಹಾದು ಮಹಡಿಯ ಫ್ಯಾನಿಗೆ ಹೋಗುತ್ತದೆ. ಆ ಫ್ಯಾನಿನ ನ್ಯೂಟ್ರಲ್ ಮಾತ್ರ ಆರ್ ಫೇಸಿನ ಬಾರ್‌ನಲ್ಲಿತ್ತು. ಇನ್ವರ್ಟರ್ ಮೇಲಿನ ಮೂರು ಸರ್ಕ್ಯೂಟುಗಳ ನ್ಯೂಟ್ರಲುಗಳನ್ನು ವೈ ಬಾರ್‌ಗೆ ಸ್ಥಳಾಂತರಿಸಿದ ಮೇಲೆ ನಿಂತಿತು. ಇನ್ವರ್ಟರ್ ಇರುವ ಮನೆಗೆ ಆರ್‌ಸಿಸಿಬಿ ಹಾಕುವಾಗ ಇದನ್ನು ಮೊದಲೇ ಯೋಚಿಸಬೇಕಿತ್ತು.

ಆಮೇಲಿನ ಪರೀಕ್ಷೆಗಳಲ್ಲಿ ಮುಖ್ಯವಾದದ್ದು ನ್ಯೂಟ್ರಲಿನದು. ಮಹಡಿಯ ಗೀಸರ್ ಒಂದನ್ನೇ ಹಾಕಿ, ಮೀಟರಿನ ನ್ಯೂಟ್ರಲಿಗೂ ಡಿಬಿಯ ನ್ಯೂಟ್ರಲಿಗೂ ನಡುವೆ ಉದ್ದ ವೈರ್ ಹಿಡಿದು ವೋಲ್ಟೇಜ್ ಅಳೆಯಲಾಯಿತು. 12 ಮೀಟರ್ 6ರ ತಾಮ್ರಕ್ಕೆ ರೋಧ 0.04 ಓಮ್, 8.7 ಆಂಪಿಗೆ ಲೆಕ್ಕದಲ್ಲಿ 0.35 ವೋಲ್ಟ್ ಬರಬೇಕು. ಬಂದದ್ದು 0.4. ಜಾಯಿಂಟುಗಳು ಗಟ್ಟಿ ಇವೆ ಎಂಬುದಕ್ಕೆ ಕಣ್ಣಿನ ನೋಟಕ್ಕಿಂತ ಈ ಅಂಕಿ ಒಳ್ಳೆಯ ಸಾಕ್ಷಿ. ಮೂರೂ ಆರ್‌ಸಿಸಿಬಿಗಳನ್ನು ಟೆಸ್ಟರ್‌ನಿಂದ 30 ಮಿಲಿಆಂಪಿಗೆ ಬೀಳಿಸಿ ನೋಡಲಾಯಿತು. 300 ಮಿಲಿಸೆಕೆಂಡ್ ಮಿತಿಯೊಳಗೇ ಎಲ್ಲವೂ ಬಿದ್ದವು.

ಮನೆಯ ಉಪಕರಣಗಳನ್ನು ಕೂಡಿಸಿದರೆ ಲೋಡ್ 10 ಕಿಲೋವ್ಯಾಟ್ ಹತ್ತಿರ ಬರುತ್ತಿತ್ತು, ಹಾಗಾಗಿ ಹೆಚ್ಚುವರಿ ಲೋಡಿಗೆ ಗುತ್ತಿಗೆದಾರರ ವರದಿಯೊಂದಿಗೆ ಎಸ್ಕಾಂಗೆ ಅರ್ಜಿ ಹೋಯಿತು. ಡಿಬಿ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಲಾಯಿತು: ಪ್ರತಿ ಎಂಸಿಬಿಯ ನಂಬರ್, ಅದು ಯಾವ ಕೋಣೆಯದು, ವೈರಿನ ಗಾತ್ರ, ಯಾವ ನ್ಯೂಟ್ರಲ್ ಬಾರ್.

ಒಂದು ತಿಂಗಳ ನಂತರ ಕರೆಂಟ್ ತಪ್ಪಿಸಿ ಸ್ಕ್ರೂಗಳನ್ನು ಮತ್ತೆ ನೋಡಲಾಯಿತು. ಲಗ್ ಹಾಕಿದವು ಅಲುಗಲಿಲ್ಲ. ಬಿ ಫೇಸಿನ ನ್ಯೂಟ್ರಲ್ ಬಾರ್‌ನಲ್ಲಿ ಸಂಪಿನ ಮೋಟರಿನ ಹಳೇ ವೈರಿಗೆ ಲಗ್ ಹಾಕುವುದು ತಪ್ಪಿಹೋಗಿತ್ತು. ಆ ಒಂದು ಸ್ಕ್ರೂ ಕಾಲು ಸುತ್ತು ಬಿಗಿಯಾಯಿತು. ವೈರ್ ಹೊರತೆಗೆದು, ತುದಿ ಕತ್ತರಿಸಿ, ಲಗ್ ಒತ್ತಿ ಮತ್ತೆ ಕೂರಿಸಲಾಯಿತು.